ಲೇಬಲ್ ಅಚ್ಚಿಗೆ ಕೊಡುವ ಮುಂಚೆ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಅಪ್ಪನ ಕಾಲದಲ್ಲಿ ಮದುವೆ ಕರೆಯೋಲೆ, ಬಿಲ್ ಪುಸ್ತಕ ಅಚ್ಚಾಗುತ್ತಿದ್ದ ಜಾಗದಲ್ಲಿ ಈಗ ಲೇಬಲ್ಲು, ಡಬ್ಬ, ಪೌಚುಗಳ ವಿನ್ಯಾಸ ನಡೆಯುತ್ತದೆ. ಬೆಲ್ಲ, ಗಾಣದ ಎಣ್ಣೆ, ಉಪ್ಪಿನಕಾಯಿ, ಊದಿನಕಡ್ಡಿ, ಹಿಂಡಿ ಬೂಸ ಹೀಗೆ ಏನಾದರೊಂದು ವ್ಯಾಪಾರ ಶುರು ಮಾಡುವವರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಮೊದಲು ಬರುವುದು ವಕೀಲರ ಹತ್ತಿರಕ್ಕಲ್ಲ, ನಮ್ಮಂಥವರ ಹತ್ತಿರಕ್ಕೆ. ಹೆಸರು ಗಟ್ಟಿಯೋ ಪೊಳ್ಳೋ ಎಂಬುದು ಅಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಪ್ರತಿ ಗಿರಾಕಿಗೂ ನಿಂತು ಹೇಳುವ ಮಾತುಗಳನ್ನು ಒಂದು ಕಡೆ ಬರೆದಿಡುತ್ತಿದ್ದೇನೆ. ನಾನು ವಕೀಲೆಯಲ್ಲ. ಜಗಳ ಕೋರ್ಟಿಗೆ ಹೋಗುವ ಹಂತಕ್ಕೆ ಬಂದರೆ ವಕೀಲರನ್ನೇ ಹಿಡಿಯಬೇಕು.

ಮೊದಲು ಒಂದು ಗೊಂದಲ ತೀರಿಸಿಕೊಳ್ಳಿ. "ನಮ್ಮ ಹೆಸರು ರಿಜಿಸ್ಟರ್ ಆಗಿದೆ ಅಕ್ಕ" ಎನ್ನುತ್ತಾ ಜಿಎಸ್‌ಟಿ ಪತ್ರ ತೋರಿಸುವವರು ಬಹಳ. ಕೆಲವರು ಆಹಾರ ಸುರಕ್ಷತೆಯ ಪರವಾನಗಿ ತೋರಿಸುತ್ತಾರೆ, ಕೆಲವರು ಪುರಸಭೆಯ ಟ್ರೇಡ್ ಲೈಸೆನ್ಸು. ಪ್ರೈವೇಟ್ ಲಿಮಿಟೆಡ್ ಮಾಡಿಸಿದವರಿಗಂತೂ ಕಂಪನಿ ಹೆಸರು ಸಿಕ್ಕಿದ ಮೇಲೆ ಇನ್ನೇನೂ ಬೇಕಿಲ್ಲ ಎಂಬ ಧೈರ್ಯ. ಇವು ಯಾವುವೂ ಟ್ರೇಡ್‌ಮಾರ್ಕ್ ಅಲ್ಲ. ಪ್ಯಾಕೆಟ್ಟಿನ ಮೇಲಿನ ಹೆಸರು ನಿಮ್ಮದು, ಅದೇ ಮಾಲಿನ ಮೇಲೆ ಬೇರೆಯವರು ಹಾಕುವಂತಿಲ್ಲ ಎಂಬ ಹಕ್ಕು ಬರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕೆಳಗೆ ನೋಂದಣಿಯಾದಾಗ. ಬೇರೆ ಕಾಗದಗಳೆಲ್ಲ ತೆರಿಗೆಗೆ, ಶುಚಿತ್ವಕ್ಕೆ, ಅಂಗಡಿ ಬಾಗಿಲು ತೆಗೆಯುವುದಕ್ಕೆ.

ಎಂಥ ಹೆಸರು ನಿಲ್ಲುತ್ತದೆ

ಪಾಂಡವಪುರದ ಕಡೆಯ ಹುಡುಗನೊಬ್ಬ ಆಲೆಮನೆಯ ಬೆಲ್ಲವನ್ನು ಪುಡಿ ಮಾಡಿ ಪೌಚಿನಲ್ಲಿ ಮಾರಲು ಹೊರಟಿದ್ದ. "ಅಕ್ಕ, 'ಮಂಡ್ಯ ಸಿಹಿ ಬೆಲ್ಲ' ಅಂತ ದಪ್ಪಕ್ಷರದಲ್ಲಿ ಹಾಕಿ" ಎಂದ. "ಬೆಲ್ಲ ಸಿಹಿ ಇಲ್ದೆ ಖಾರ ಇರ್ತದಾ ತಮ್ಮ?" ಅಂದೆ. ಅವನು ನಕ್ಕ, ಆದರೆ ವಿಷಯ ಇರುವುದೇ ಅಲ್ಲಿ. ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಮಾಲಿನ ಬಗೆ, ಗುಣ, ಊರು, ಪ್ರಮಾಣಗಳನ್ನಷ್ಟೇ ಹೇಳುವ ಮಾತನ್ನು ಒಬ್ಬನ ಗುರುತಾಗಿ ಕೊಡುವುದಿಲ್ಲ. ಮಂಡ್ಯ ಎಲ್ಲರದೂ, ಸಿಹಿ ಎಲ್ಲರದೂ, ಬೆಲ್ಲ ಎಲ್ಲರದೂ. ಮೂರನ್ನೂ ಸೇರಿಸಿದ ಮಾತ್ರಕ್ಕೆ ಅವನೊಬ್ಬನದಾಗುವುದಿಲ್ಲ. ಶುದ್ಧ, ಸಾವಯವ, ನಾಟಿ, ಗಾಣದ, ಮನೆರುಚಿ ಇವೆಲ್ಲ ಇದೇ ಸಾಲಿನವು. ಲೇಬಲ್ಲಿನ ಮೇಲೆ ಬರೆದುಕೊಳ್ಳಿ, ಹೆಸರಾಗಿ ನಂಬಿಕೊಳ್ಳಬೇಡಿ. ಬಹಳ ಕಾಲ ಬಳಸಿ ಜನರ ಮನಸ್ಸಿನಲ್ಲಿ ಆ ಮಾತು ಒಬ್ಬನ ಮಾಲಿಗೇ ಅಂಟಿಕೊಂಡಿದ್ದರೆ ವಿನಾಯಿತಿ ಉಂಟು. ಹೊಸಬನಿಗೆ ಆ ದಾರಿ ಇಲ್ಲ.

ಗಟ್ಟಿ ಹೆಸರು ಹೇಗಿರುತ್ತದೆ ಎಂದು ತೋರಿಸಲು ನಾನು ಮೈಸೂರಿನ ಊದಿನಕಡ್ಡಿಯ ಕಡೆಗೇ ಕೈ ತೋರಿಸುತ್ತೇನೆ. ಎನ್. ರಂಗರಾವ್ ಅವರು 1948ರಲ್ಲಿ ಮೈಸೂರಿನಲ್ಲಿ ಶುರು ಮಾಡಿದ ಸಂಸ್ಥೆಯ ಗುರುತು ಸೈಕಲ್. ಸೈಕಲ್ಲಿಗೂ ಊದಿನಕಡ್ಡಿಗೂ ಏನು ನಂಟು? ಏನೂ ಇಲ್ಲ. ಅದಕ್ಕೇ ಅದು ಗಟ್ಟಿ. ಓದು ಬಾರದವರೂ ಚಿತ್ರ ನೋಡಿ ಕೇಳಬಹುದು, ಬೇರೆ ಊದಿನಕಡ್ಡಿಯವನು ಆ ಹೆಸರು ಹಾಕಿದರೆ "ನನ್ನ ಮಾಲಿನ ಗುಣ ಹೇಳಿದ್ದೇನೆ ಅಷ್ಟೆ" ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಬೆಲ್ಲದವನಿಗೂ ಹಾಗೆಯೇ ಹೇಳಿದೆ: 'ಆಲೆಮನೆ' ಬೇಡ, ಆ ಮಾತು ದಂಧೆಯವರೆಲ್ಲರದು. 'ಕೊಪ್ಪರಿಗೆ' ಸ್ವಲ್ಪ ಮೇಲು, ಆದರೂ ಬೆಲ್ಲ ಕಾಯಿಸುವ ಪಾತ್ರೆಯೇ ಆದ್ದರಿಂದ ತಕರಾರು ಬರಬಹುದು. 'ಗುಬ್ಬಚ್ಚಿ' ಅಂದರೆ ಬೆಲ್ಲಕ್ಕೆ ಸಂಬಂಧವೇ ಇಲ್ಲ, ಹಾಗಾಗಿ ಒಳ್ಳೆಯದು. ಇನ್ನೂ ಗಟ್ಟಿ ಎಂದರೆ ನಿಘಂಟಿನಲ್ಲೇ ಇಲ್ಲದ, ನೀವೇ ಕಟ್ಟಿದ ಮಾತು. ಹೀಗೆ ಹೇಳಿದ ತಕ್ಷಣ ಮುಕ್ಕಾಲು ಪಾಲು ಜನ ಮಕ್ಕಳ ಹೆಸರುಗಳ ಮೊದಲ ಅಕ್ಷರ ಜೋಡಿಸಲು ಕೂರುತ್ತಾರೆ. ಜೋಡಿಸಲಿ, ತಪ್ಪಿಲ್ಲ. ಅಂಗಡಿಯವನ ಬಾಯಲ್ಲಿ ಸಲೀಸಾಗಿ ಹೊರಳುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ.

ದೇವರ ಹೆಸರಿನ ವಿಚಾರ ನಮ್ಮ ಕಡೆ ಸೂಕ್ಷ್ಮ. ಕಾವೇರಿ, ಚಾಮುಂಡಿ, ನಿಮಿಷಾಂಬ, ರಂಗನಾಥ ಈ ನಾಲ್ಕರಲ್ಲಿ ಒಂದಿಲ್ಲದ ವಾರ ನನ್ನ ಮೇಜಿನ ಮೇಲೆ ಕಳೆದಿದ್ದು ಕಡಿಮೆ. ಭಕ್ತಿಗೆ ನಾನು ಅಡ್ಡ ಬರುವವಳಲ್ಲ, ಆದರೆ ವ್ಯಾಪಾರದ ಗುರುತಾಗಿ ಇವು ಬಡಕಲು. 2015ರಲ್ಲಿ ಊದಿನಕಡ್ಡಿಯದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ರಾಮಾಯಣ' ಎಂಬ ಪವಿತ್ರ ಗ್ರಂಥದ ಹೆಸರನ್ನು ಬರಿದೇ ಆ ಒಂದೇ ಮಾತಾಗಿ ಯಾರೊಬ್ಬರೂ ಸ್ವಂತ ಮಾಡಿಕೊಳ್ಳುವ ಹಾಗಿಲ್ಲ ಎಂದಿತು. ಹಿಂದೆ ಮುಂದೆ ಬೇರೆ ಮಾತು ಸೇರಿ ರೂಪ ಸಾಕಷ್ಟು ಬದಲಾದರೆ ಆ ಮಾತು ಬೇರೆ.

ಇನ್ನೊಂದು ಮೊಕದ್ದಮೆ ನಮಗೆ ಇನ್ನೂ ಹತ್ತಿರದ್ದು. ಹಾಲು ಮಹಾಮಂಡಳಿಯವರು 1985ರಿಂದ 'ನಂದಿನಿ' ಹೆಸರಲ್ಲಿ ಹಾಲು ಮಾರುತ್ತಿದ್ದಾರೆ. ಬೆಂಗಳೂರಿನ 'ನಂದಿನಿ ಡಿಲಕ್ಸ್' ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು, ತಮ್ಮ ತಿನಿಸುಗಳಿಗೆ ನೋಂದಣಿ ಕೇಳಿದರು. ಮಹಾಮಂಡಳಿ ತಕರಾರು ತೆಗೆಯಿತು, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2018ರ ಜುಲೈನಲ್ಲಿ ಹೋಟೆಲಿನವರ ಕಡೆಗೆ ತೀರ್ಪಾಯಿತು. ನಂದಿನಿ ಎಂಬುದು ಯಾರೂ ಹೊಸದಾಗಿ ಕಟ್ಟಿದ ಮಾತಲ್ಲ, ದೇವತೆಯ, ಕಾಮಧೇನುವಿನ ಹೆಸರು. ಎರಡರ ಚಿತ್ರ ಬೇರೆ, ಮಾಲು ಬೇರೆ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದದ್ದಕ್ಕೆ ನೋಂದಣಿ ಮಾಡಿಕೊಳ್ಳಲಿ ಎಂದಿತು ಕೋರ್ಟು. ಅಷ್ಟು ದೊಡ್ಡ ಸಂಸ್ಥೆಗೇ ಪುರಾಣದ ಹೆಸರಿನ ಮೇಲೆ ಪೂರ್ತಿ ಹಿಡಿತ ಸಿಗಲಿಲ್ಲ ಎಂದ ಮೇಲೆ ನಿಮ್ಮ 'ಕಾವೇರಿ ಉಪ್ಪಿನಕಾಯಿ'ಗೆ ಎಷ್ಟು ಸಿಗುತ್ತದೆ ಲೆಕ್ಕ ಹಾಕಿ.

ಗಂಡಭೇರುಂಡ ಹಾಕಿಕೊಡಿ ಎನ್ನುವವರಿಗೂ ಒಂದು ಮಾತು. ಅರಮನೆಯ ಊರಿನ ಪಕ್ಕದಲ್ಲಿದ್ದೇವೆ, ಆಸೆ ಸಹಜ. ಆದರೆ ಅದು ರಾಜ್ಯ ಸರ್ಕಾರದ ಲಾಂಛನ. ಸರ್ಕಾರದ ಲಾಂಛನ, ರಾಷ್ಟ್ರಧ್ವಜ, ಗಾಂಧೀಜಿಯ ಹೆಸರು ಅಥವಾ ಚಿತ್ರ ಇವನ್ನು ವ್ಯಾಪಾರಕ್ಕೆ ಬಳಸದಂತೆ 1950ರ ಕಾಯ್ದೆಯೊಂದು ತಡೆಯುತ್ತದೆ. ನಾನು ಅಚ್ಚು ಹಾಕುವುದಿಲ್ಲ.

'ಮೈಸೂರು' ಎಂದು ಸೇರಿಸುವ ಆಸೆಯೂ ಹೀಗೆಯೇ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಇವಕ್ಕೆಲ್ಲ ಭೌಗೋಳಿಕ ಸೂಚಕದ ನೋಂದಣಿ ಇದೆ. ಅದು ಊರಿಗೆ, ಅಲ್ಲಿನ ಬೆಳೆಗಾರರಿಗೆ, ಕಸುಬುದಾರರಿಗೆ ಸೇರಿದ ಹಕ್ಕು. ಒಬ್ಬನ ಟ್ರೇಡ್‌ಮಾರ್ಕ್ ಆಗುವುದಿಲ್ಲ. ನೀವು ನಿಜಕ್ಕೂ ಆ ಮಾಲಿನವರೇ ಆಗಿದ್ದರೆ ಅಧಿಕೃತ ಬಳಕೆದಾರರೆಂದು ಬೇರೆಯಾಗಿ ನೋಂದಾಯಿಸಿಕೊಳ್ಳಬಹುದು.

ಹುಡುಕಿ ನೋಡುವುದು

ಹೆಸರು ಆಯಿತು. ಇನ್ನು ಅದು ಖಾಲಿ ಇದೆಯೇ? ಕೇಂದ್ರ ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ ಹುಡುಕಲು ದುಡ್ಡು ಕೊಡಬೇಕಿಲ್ಲ. ಇದೊಂದನ್ನು ಮಾಡದೆ ಯಾರಿಗೂ ಪೌಚು ಮಾಡಿಕೊಡಬಾರದು ಎಂದು ನಾನು ನಿಯಮ ಇಟ್ಟುಕೊಂಡಿದ್ದೇನೆ. ಕಾರಣ ಸರಳ: ಪೌಚಿನ ಗ್ರೇವ್ಯೂರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಹೆಸರು ಬದಲಾದರೆ ಹೊಸದಾಗಿ ಕೆತ್ತಿಸುವುದರ ಜೊತೆಗೆ ಉಳಿದ ಪೌಚುಗಳೂ ಗುಜರಿಗೆ.

ಹುಡುಕುವಾಗ ಅಕ್ಷರಕ್ಕೆ ಅಕ್ಷರ ಹೊಂದುವುದನ್ನು ಮಾತ್ರ ನೋಡಿ ಎದ್ದು ಬರಬೇಡಿ. ಅಲ್ಲಿ ಉಚ್ಚಾರ ಹೋಲುವ ಹೆಸರುಗಳನ್ನು ತೋರಿಸುವ ಆಯ್ಕೆ ಇದೆ, ಅದನ್ನೂ ಒತ್ತಿ. ಇಂಗ್ಲಿಷ್ ಕಾಗುಣಿತ ಬದಲಿಸಿ ಬದಲಿಸಿ ನೋಡಿ. ಒಂದು 'ಎ' ಹೆಚ್ಚಿಗೆ ಹಾಕಿದರೆ ಬೇರೆ ಹೆಸರಾಯಿತು ಎಂದುಕೊಳ್ಳುವವರೇ ಹೆಚ್ಚು. 'ಅಮೃತಧಾರಾ' ಎಂಬ ಔಷಧಿಗೂ 'ಲಕ್ಷ್ಮಣಧಾರಾ' ಎಂಬುದಕ್ಕೂ ನಡೆದ ಹಳೇ ವ್ಯಾಜ್ಯ ಇಂದಿಗೂ ವಕೀಲರ ಬಾಯಲ್ಲಿದೆ. ಬಿಡಿಸಿ ಬಿಡಿಸಿ ನೋಡಿದರೆ ಅಮೃತ ಬೇರೆ, ಲಕ್ಷ್ಮಣ ಬೇರೆ. ಆದರೆ ಮಾಲು ಕೊಳ್ಳುವವನು ಬಿಡಿಸಿ ನೋಡುವುದಿಲ್ಲ, ಅವನಿಗೆ ಹೆಸರು ಅರೆಬರೆ ನೆನಪಿರುತ್ತದೆ, ಒಟ್ಟಾರೆ ಕಿವಿಗೆ ಹೇಗೆ ಬೀಳುತ್ತದೆ ಎಂಬುದೇ ಮುಖ್ಯ ಎಂದು ಸುಪ್ರೀಂ ಕೋರ್ಟು ಹೇಳಿತು. ಸಂತೆಯಲ್ಲಿ ಮುದುಕಮ್ಮ ಒಬ್ಬರು ನಿಮ್ಮ ಮಾಲನ್ನು ಹೇಗೆ ಕೇಳುತ್ತಾರೆ ಎಂದು ಯೋಚಿಸಿದರೆ ಆ ತೀರ್ಪು ತಾನೇ ಅರ್ಥವಾಗುತ್ತದೆ.

ಸರ್ಕಾರದ ಪಟ್ಟಿಯಲ್ಲಿ ಇಲ್ಲದಿದ್ದರೂ ಮಾರುಕಟ್ಟೆಯಲ್ಲಿ ಇರಬಹುದು. ಮಂಡಿಗೆ ಹೋಗಿ, ದಿನಸಿ ಅಂಗಡಿಗಳ ಕಪಾಟು ನೋಡಿ, ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿ. ನೋಂದಣಿ ಇಲ್ಲದಿದ್ದರೂ ಮೊದಲಿಂದ ಬಳಸುತ್ತಿರುವವನ ಹಕ್ಕು ದೊಡ್ಡದು. ತಿರುನೆಲ್ವೇಲಿಯ ಪ್ರಸಿದ್ಧ 'ಇರುಟ್ಟುಕಡೈ' ಹಲ್ವದ ಮೊಕದ್ದಮೆಯಲ್ಲಿ, 2015ರಲ್ಲಿ, ಸುಪ್ರೀಂ ಕೋರ್ಟು ಇದನ್ನೇ ಒತ್ತಿ ಹೇಳಿತು: ಎದುರಾಳಿಗೆ ನೋಂದಣಿ ಪತ್ರ ಇದ್ದರೂ ಮೊದಲು ಬಳಸಿದವರ ಹಕ್ಕೇ ಮೇಲು. ಇದು ಎರಡೂ ಕಡೆ ಕೊಯ್ಯುವ ಮಾತು. ನೀವು ಹಳಬರಾಗಿದ್ದರೆ ನಿಮಗೆ ಆಸರೆ, ಹೊಸಬರಾಗಿದ್ದರೆ ಎಚ್ಚರಿಕೆ.

ಅರ್ಜಿ

ಮಾಲುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ವಿಂಗಡಿಸಿದ್ದಾರೆ: 1ರಿಂದ 34 ಮಾಲಿಗೆ, 35ರಿಂದ 45 ಸೇವೆಗೆ. ಬೆಲ್ಲ 30ನೇ ವರ್ಗ, ತುಪ್ಪ ಮತ್ತು ಉಪ್ಪಿನಕಾಯಿ 29, ಸೋಪು ಊದಿನಕಡ್ಡಿ 3, ಸೀರೆ 25, ಪಶು ಆಹಾರ 31, ಹೋಟೆಲು 43. ತೆಂಗಿನೆಣ್ಣೆಯವರಿಗೆ ಇಲ್ಲೊಂದು ಗುಂಡಿ ಕಾದಿರುತ್ತದೆ. ಅಡುಗೆಗೆ ಬಳಸುವ ಎಣ್ಣೆ 29ರಲ್ಲಿ ಬರುತ್ತದೆ, ತಲೆಗೆ ಹಚ್ಚುವ ಎಣ್ಣೆ 3ರಲ್ಲಿ. ಗಾಣದಿಂದ ಇಳಿಯುವುದು ಒಂದೇ ಎಣ್ಣೆಯಾದರೂ ಎರಡಕ್ಕೂ ಮಾರುವುದಾದರೆ ಎರಡು ವರ್ಗಕ್ಕೆ ಅರ್ಜಿ, ಎರಡು ಶುಲ್ಕ.

ಶುಲ್ಕ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 9,000 ರೂಪಾಯಿ. ವ್ಯಕ್ತಿಯ ಹೆಸರಲ್ಲಿ, ಸ್ಟಾರ್ಟಪ್ ಅಥವಾ ಸಣ್ಣ ಉದ್ದಿಮೆಯ ಹೆಸರಲ್ಲಿ ಹಾಕಿದರೆ 4,500. ಸಣ್ಣ ಉದ್ದಿಮೆ ಎಂದು ತೋರಿಸಲು ಉದ್ಯಮ್ ಪತ್ರ ಸಾಕು, ಅದನ್ನು ಸರ್ಕಾರದ ತಾಣದಲ್ಲಿ ಪುಕ್ಕಟೆಯಾಗಿ ಪಡೆಯಬಹುದು. ಅದಕ್ಕೆ ದುಡ್ಡು ಕೇಳುವವರ ಅಂಗಡಿಗೆ ಹೋಗಬೇಡಿ. ಅರ್ಜಿಯ ನಮೂನೆ ಟಿಎಂ–ಎ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಎಲ್ಲವೂ ಆನ್‌ಲೈನ್ ಆದ್ದರಿಂದ ಚೆನ್ನೈಗೆ ಓಡಾಡಬೇಕಿಲ್ಲ. ಸ್ವಂತವಾಗಿ ಹಾಕುವವರಿಗೆ ಡಿಜಿಟಲ್ ಸಹಿ ಬೇಕು. ಏಜೆಂಟರ ಕೈಯಲ್ಲಿ ಹಾಕಿಸಿದರೆ ಅವರ ಫೀಜು ಬೇರೆ.

ಏಜೆಂಟರ ಕೈಗೆ ಕೊಡುವಾಗ ಅರ್ಜಿಯಲ್ಲಿ ನಿಮ್ಮ ಸ್ವಂತ ಇಮೇಲ್ ವಿಳಾಸವೂ ಇರಲಿ, ಅದನ್ನು ವಾರಕ್ಕೊಮ್ಮೆ ತೆರೆದು ನೋಡುವ ಅಭ್ಯಾಸವೂ ಇರಲಿ. ಇಲಾಖೆಯ ಪತ್ರಗಳು ಬರುವುದು ಅಲ್ಲಿಗೇ, ಉತ್ತರಕ್ಕೆ ಗಡುವು ಇರುತ್ತದೆ. ಸೈಬರ್ ಸೆಂಟರಿನವರ ಇಮೇಲಿಗೆ ಪತ್ರ ಬಂದು ಬಿದ್ದು, ಮಾಲೀಕನಿಗೆ ಗೊತ್ತೇ ಆಗದೆ ಅರ್ಜಿ ಸತ್ತುಹೋದ ಉದಾಹರಣೆ ನಮ್ಮ ಬೀದಿಯಲ್ಲೇ ಇದೆ.

ಹೆಸರನ್ನು ಬರೀ ಪದವಾಗಿ ಹಾಕಬೇಕೋ ಲೋಗೋ ಆಗಿ ಹಾಕಬೇಕೋ ಎಂದು ಎಲ್ಲರೂ ಕೇಳುತ್ತಾರೆ. ಒಂದಕ್ಕೇ ದುಡ್ಡಿದ್ದರೆ, ಹೆಸರು ಗಟ್ಟಿಯಾಗಿದ್ದರೆ, ಪದವನ್ನೇ ಹಾಕಿ. ಪದ ಸಿಕ್ಕರೆ ಅದನ್ನು ಯಾವ ಅಕ್ಷರವಿನ್ಯಾಸದಲ್ಲಿ ಬರೆದರೂ ನಿಮ್ಮದೇ. ಲೋಗೋ ಮಾತ್ರ ಹಾಕಿದರೆ ನಾಳೆ ವಿನ್ಯಾಸ ಬದಲಿಸಿದಾಗ ಮತ್ತೆ ಅರ್ಜಿ. ಲೋಗೋ ಹಾಕುವುದಾದರೆ ಕಪ್ಪು ಬಿಳುಪಿನಲ್ಲಿ ಹಾಕಿ. ಬಣ್ಣ ಮಿತಿಗೊಳಿಸದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಕ್ಕೂ ಸಲ್ಲುತ್ತದೆ ಎಂದು ಕಾಯ್ದೆಯ 10ನೇ ಸೆಕ್ಷನ್ನೇ ಹೇಳುತ್ತದೆ. ಕನ್ನಡ ಅಕ್ಷರದ ಹೆಸರನ್ನು ಚಿತ್ರವಾಗಿ ಸಲ್ಲಿಸುವುದು ರೂಢಿ. ಜೊತೆಗೆ ಅದರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದು ಕೊಡಬೇಕು. ಆ ಕೆಲಸಕ್ಕೆ ಅಂಜಿ ಕನ್ನಡ ಹೆಸರನ್ನೇ ಕೈಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ಸಾಲಿನ ಕೆಲಸ ಅದು.

ಲೋಗೋ ಬರೆದವರಿಂದ, ಅಂದರೆ ನಮ್ಮಂಥವರಿಂದ, ಹಕ್ಕು ನಿಮಗೆ ವರ್ಗಾಯಿಸಿದ್ದೇವೆಂದು ಸಹಿ ಮಾಡಿದ ಪತ್ರ ಇಸ್ಕೊಳ್ಳಿ. ದುಡ್ಡು ಕೊಟ್ಟ ಮಾತ್ರಕ್ಕೆ ಚಿತ್ರದ ಕೃತಿಸ್ವಾಮ್ಯ ತಾನಾಗಿ ನಿಮಗೆ ಬಂದುಬಿಡುತ್ತದೆ ಎಂದುಕೊಳ್ಳಬೇಡಿ. ನಾನು ಬಿಲ್ಲಿನ ಜೊತೆಗೇ ಕೊಡುತ್ತೇನೆ.

ಬಿಲ್ಲು ಬಿಸಾಡಬೇಡಿ

ಅರ್ಜಿಯಲ್ಲಿ 'ಎಂದಿನಿಂದ ಬಳಸುತ್ತಿದ್ದೀರಿ' ಎಂದು ಕೇಳುತ್ತಾರೆ. ಇನ್ನೂ ಶುರು ಮಾಡಿಲ್ಲವಾದರೆ 'ಬಳಸುವ ಉದ್ದೇಶವಿದೆ' ಎಂದು ಹಾಕಬಹುದು, ಅದಕ್ಕೆ ದಾಖಲೆ ಬೇಡ. ಹಳೇ ದಿನಾಂಕ ಹೇಳಿಕೊಳ್ಳುವುದಾದರೆ ಅಫಿಡವಿಟ್ ಜೊತೆಗೆ ಪುರಾವೆ ಕೊಡಬೇಕು. ಇಲ್ಲೇ ಎಲ್ಲರೂ ಕೈ ಹಿಸುಕಿಕೊಳ್ಳುವುದು. "ನಮ್ಮ ತಾತನ ಕಾಲದಿಂದ ಇದೇ ಹೆಸರು" ಎನ್ನುತ್ತಾರೆ, ತೋರಿಸಲು ಒಂದು ಚೂರು ಕಾಗದ ಇರುವುದಿಲ್ಲ.

ಯಾವ ಕಾಗದ ನಡೆಯುತ್ತದೆ? ಬ್ರಾಂಡ್ ಹೆಸರು ನಮೂದಿಸಿರುವ ಮಾರಾಟದ ಬಿಲ್ಲು, ಪತ್ರಿಕೆಯ ಜಾಹೀರಾತು, ಜಾತ್ರೆಯ ಸ್ಟಾಲಿನ ರಸೀದಿ, ದಿನಾಂಕವಿರುವ ಫೋಟೋ, ಮತ್ತೆ ಪ್ರೆಸ್ಸಿನ ಬಿಲ್ಲು. ಕೊನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಹಳಷ್ಟು ವ್ಯಾಪಾರಗಳಲ್ಲಿ ಆ ಹೆಸರು ದಿನಾಂಕದ ಜೊತೆ ಮೊದಲು ಕಾಗದದ ಮೇಲೆ ಬರುವುದೇ ಲೇಬಲ್ ಮುದ್ರಣದ ಬಿಲ್ಲಿನಲ್ಲಿ. ಹಾಗಾಗಿ ನಾನು 'ಸ್ಟಿಕ್ಕರ್ ಮುದ್ರಣ' ಎಂದಷ್ಟೇ ಬರೆಯುವುದನ್ನು ಬಿಟ್ಟಿದ್ದೇನೆ. 'ಇಂಥ ಹೆಸರಿನ ಅರ್ಧ ಕೇಜಿ ಬೆಲ್ಲದ ಲೇಬಲ್' ಎಂದು ಪೂರ್ತಿ ಬರೆದು, ಲೇಬಲ್ಲಿನ ಒಂದು ಪ್ರತಿಯನ್ನು ಬಿಲ್ಲಿಗೆ ಪಿನ್ ಮಾಡಿ ಕೊಡುತ್ತೇನೆ. ನಿಮ್ಮ ಪ್ರೆಸ್ಸಿನವರಿಗೂ ಹಾಗೆ ಮಾಡಲು ಹೇಳಿ. ತೆರಿಗೆ ಉಳಿಸಲು ಬಿಲ್ಲಿಲ್ಲದೆ ಕೆಲಸ ಮಾಡಿಸಿಕೊಂಡವರು ಹೆಸರಿನ ಪುರಾವೆಯನ್ನೂ ಅಲ್ಲೇ ಬಿಟ್ಟು ಹೋಗಿರುತ್ತಾರೆ.

ಅರ್ಜಿ ಹಾಕಿದ ಮೇಲೆ

ಪರೀಕ್ಷಕರು ನೋಡಿ ವರದಿ ಕಳಿಸುತ್ತಾರೆ. ಆಕ್ಷೇಪಣೆ ಬಂದರೆ ಎದೆ ಒಡೆದುಕೊಳ್ಳಬೇಡಿ, ಸಾಮಾನ್ಯ ಸಂಗತಿ. ಸೆಕ್ಷನ್ 9 ಎಂದಿದ್ದರೆ ಹೆಸರಿನಲ್ಲೇ ಗುರುತಿನ ಶಕ್ತಿ ಇಲ್ಲ ಎಂದರ್ಥ, ಸೆಕ್ಷನ್ 11 ಎಂದಿದ್ದರೆ ಹೋಲುವ ಹೆಸರು ಮೊದಲೇ ಇದೆ ಎಂದರ್ಥ. ವರದಿ ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಒಪ್ಪದಿದ್ದರೆ ವಿಡಿಯೋದಲ್ಲೇ ವಿಚಾರಣೆ. ಒಪ್ಪಿದರೆ ಸೋಮವಾರ ಸೋಮವಾರ ಹೊರಬರುವ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧದ ಪ್ರತಿ ನಿಮಗೆ ತಲುಪಿದ ಎರಡು ತಿಂಗಳೊಳಗೆ ಅದಕ್ಕೆ ಉತ್ತರವಾಗಿ ನಿಮ್ಮ ಹೇಳಿಕೆ ಹಾಕದಿದ್ದರೆ ಅರ್ಜಿ ಕೈಬಿಟ್ಟಂತೆಯೇ. ಯಾರೂ ವಿರೋಧಿಸದಿದ್ದರೆ ನೋಂದಣಿ. ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಬೇಗ ಹಾಕಿದಷ್ಟೂ ಒಳ್ಳೆಯದು.

ಈ ನಡುವೆ ಸರ್ಕಾರಿ ಮುದ್ರೆಯಂಥದ್ದೇನೋ ಇರುವ ಪತ್ರ, ಇಂತಿಷ್ಟು ಕಟ್ಟಿ ಎಂದು ಬರಬಹುದು. ಅರ್ಜಿಯ ವಿವರ ಎಲ್ಲರಿಗೂ ಕಾಣುವುದರಿಂದ ಇಂಥ ಮೋಸಗಾರರಿಗೆ ವಿಳಾಸ ಸಿಗುತ್ತದೆ. ನಿಮ್ಮ ಅರ್ಜಿ ಸಂಖ್ಯೆ ಹಾಕಿ ಜಾಲತಾಣದಲ್ಲೇ ನೋಡಿ, ಅಲ್ಲಿ ಇಲ್ಲದ ಬಾಕಿ ಕಟ್ಟಬೇಡಿ.

ಲೇಬಲ್ಲಿನ ಮೂಲೆಯ ಗುರುತಿನ ಬಗ್ಗೆ: 'ಟಿಎಂ' ಎಂದು ಯಾವಾಗ ಬೇಕಾದರೂ ಹಾಕಬಹುದು. ವೃತ್ತದೊಳಗಿನ 'ಆರ್' ಮಾತ್ರ ನೋಂದಣಿ ಪತ್ರ ಬಂದ ಮೇಲೆ. ನೋಂದಣಿ ಇಲ್ಲದೆ ಹಾಗೆ ತೋರಿಸಿಕೊಂಡರೆ ದಂಡ ಬೀಳುತ್ತದೆ. "ಚೆಂದಕ್ಕೆ ಹಾಕಿ ಅಕ್ಕ" ಎಂದರೂ ನಾನು ಹಾಕುವುದಿಲ್ಲ.

ಕಾಪಾಡಿಕೊಳ್ಳುವುದು

ನೋಂದಣಿ ಹತ್ತು ವರ್ಷಕ್ಕೆ. ಮುಗಿಯುವ ಹಿಂದಿನ ಒಂದು ವರ್ಷದೊಳಗೆ ಟಿಎಂ–ಆರ್ ನಮೂನೆಯಲ್ಲಿ ನವೀಕರಿಸಬೇಕು, ಆನ್‌ಲೈನಿನಲ್ಲಿ ವರ್ಗಕ್ಕೆ 9,000. ಇಲ್ಲಿ ಸಣ್ಣವರಿಗೆ ರಿಯಾಯಿತಿ ಇಲ್ಲ. ತಪ್ಪಿದರೆ ಆರು ತಿಂಗಳ ತನಕ ಹೆಚ್ಚುವರಿ ಶುಲ್ಕದ ಜೊತೆ ಅವಕಾಶ ಉಂಟು. ಹೆಸರನ್ನು ಬಳಸುತ್ತಲೂ ಇರಬೇಕು. ಐದು ವರ್ಷಕ್ಕೂ ಮೀರಿ ಸುಮ್ಮನೆ ಇಟ್ಟುಕೊಂಡರೆ ತೆಗೆದುಹಾಕಿ ಎಂದು ಬೇರೆಯವರು ಕೇಳಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ಬೈಕಿನ ಯೆಜ್ಡಿ ಎಂಬ ಹೆಸರು ಯಾರದು ಎಂಬ ಜಗಳ ಮಾತ್ರ ಅದಾದ ಎಷ್ಟೋ ವರ್ಷಗಳ ಮೇಲೆ ಹೈಕೋರ್ಟಿನಲ್ಲಿ ನಡೆಯಿತು. ಯಂತ್ರಗಳು ಹೋದ ಮೇಲೂ ಹೆಸರಿಗೆ ಬೆಲೆ ಇತ್ತು.

ಯಾರಾದರೂ ನಕಲು ಮಾಡಿದರೆ ಮೊದಲು ಅವರ ಪ್ಯಾಕೆಟ್ಟನ್ನು ಬಿಲ್ ಸಮೇತ ಕೊಂಡುಕೊಳ್ಳಿ. ಆಮೇಲೆ ವಕೀಲರ ನೋಟಿಸು. ಆನ್‌ಲೈನ್ ಮಾರಾಟವಾದರೆ ಆ ತಾಣಕ್ಕೆ ನೋಂದಣಿ ಸಂಖ್ಯೆ ಕೊಟ್ಟು ದೂರು ಹಾಕಿ. ದಾವೆ ಹಾಕುವುದಾದರೆ ನೀವು ವ್ಯಾಪಾರ ಮಾಡುವ ಊರಿನಲ್ಲೇ, ಜಿಲ್ಲಾ ನ್ಯಾಯಾಲಯದ ಮಟ್ಟಕ್ಕೆ ಕಡಿಮೆ ಇಲ್ಲದ ಕೋರ್ಟಿನಲ್ಲಿ ಹಾಕಬಹುದು. ನೋಂದಣಿ ಇಲ್ಲದವರಿಗೂ 'ತನ್ನ ಮಾಲನ್ನು ನನ್ನದೆಂದು ದಾಟಿಸುತ್ತಿದ್ದಾನೆ' ಎಂಬ ದಾವೆಗೆ ದಾರಿ ಇದೆ, ಆದರೆ ಹೆಸರು ಗಳಿಸಿದ್ದನ್ನು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ. ಗೊತ್ತಿದ್ದೂ ಸುಮ್ಮನೆ ಕೂರಬೇಡಿ. ಅವನು ಒಳ್ಳೆಯ ನಂಬಿಕೆಯಿಂದಲೇ ನೋಂದಣಿ ಮಾಡಿಸಿಕೊಂಡು ಬಳಸುತ್ತಿರುವುದನ್ನು ನೀವು ಐದು ವರ್ಷ ನೋಡಿಕೊಂಡು ತೆಪ್ಪಗಿದ್ದರೆ ಆಮೇಲೆ ತಡೆಯುವ ಹಕ್ಕು ಹೋಗುತ್ತದೆ.

ನಮ್ಮ ಕಸುಬಿನವರಿಗೂ ಇಲ್ಲಿ ಪಾಲಿದೆ. ಹೆಸರಾಂತ ಸೋಪಿನದೋ ಚಹಾದ್ದೋ ಪ್ಯಾಕೆಟ್ ತಂದು "ಇದೇ ಥರ, ಒಂದಕ್ಷರ ಬದಲಿಸಿ" ಎನ್ನುವವರು ಬರುತ್ತಾರೆ. ಅನುಮತಿ ಇಲ್ಲವೆಂದು ಗೊತ್ತಿದ್ದೂ ಲೇಬಲ್ ಅಚ್ಚು ಹಾಕಿದವನು ಉಲ್ಲಂಘನೆಯಲ್ಲಿ ಪಾಲುದಾರ. ನಕಲಿಗೆಂದು ಬ್ಲಾಕು, ಪ್ಲೇಟು ಮಾಡಿದವನಿಗೂ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50,000ದಿಂದ 2 ಲಕ್ಷದ ತನಕ ದಂಡ ಎಂದು ಕಾಯ್ದೆಯಲ್ಲಿದೆ. ಅಂಥವರಿಗೆ ಕಾಫಿ ಕುಡಿಸಿ ಕಳಿಸುತ್ತೇನೆ.

ಕೊನೆಯದಾಗಿ ಅರ್ಜಿ ಯಾರ ಹೆಸರಲ್ಲಿ ಎಂಬುದು. ಅಣ್ಣತಮ್ಮಂದಿರು ಕೂಡಿ ಮಾಡುವ ವ್ಯಾಪಾರದಲ್ಲಿ ಕಂಪ್ಯೂಟರ್ ಬಲ್ಲ ತಮ್ಮನ ಹೆಸರಲ್ಲಿ ಅರ್ಜಿ ಬಿದ್ದಿರುತ್ತದೆ, ಸುಮ್ಮನೆ ಅನುಕೂಲಕ್ಕೆ. ಪಾಲುದಾರಿಕೆ ಇದ್ದರೆ ಸಂಸ್ಥೆಯ ಹೆಸರನ್ನೂ ಎಲ್ಲ ಪಾಲುದಾರರ ಹೆಸರನ್ನೂ ಹಾಕಿಸಿ. ಮುಂದೆ ಬೇರೆಯಾಗುವಾಗ ವಿಭಾಗ ಪತ್ರದಲ್ಲಿ ಗಾಣ, ಗೋಡೌನು, ಟೆಂಪೋ, ಮಂಡಿಯ ಬಾಕಿ ಎಲ್ಲ ಬರೆಸುತ್ತಾರೆ, ಪ್ಯಾಕೆಟ್ಟಿನ ಹೆಸರನ್ನು ಬರೆಸುವುದೇ ಇಲ್ಲ. ಅದನ್ನೂ ಯಾರಿಗೆ ಎಂದು ಬರೆಸಿ, ಟಿಎಂ–ಪಿ ನಮೂನೆಯಲ್ಲಿ ರಿಜಿಸ್ಟ್ರಿಯ ದಾಖಲೆಯಲ್ಲೂ ಮಾಲೀಕರ ಹೆಸರು ಬದಲಿಸಿಕೊಳ್ಳಿ. ಆ ಪ್ರತಿ ತಂದು ತೋರಿಸಿದವರಿಗೆ ಮುಂದಿನ ಲೇಬಲ್ ಮಾಡಿಕೊಡುತ್ತೇನೆ.